ಹರಿಗೋಲಿನ ಗುಣದೋಷ

ಹಂಪಿ ಬಜಾರಿನಿಂದ ಪೂರ್ವಕ್ಕೆ ನಡೆದರೆ, ಕೋದಂಡರಾಮ ದೇವಾಲಯದ ಮುಂದೆ ಚಕ್ರತೀರ್ಥ. ಇಲ್ಲಿ ತುಂಗಭದ್ರೆಯು ಗ್ರಾನೈಟ್ ಬಂಡೆಗಳ ಇಕ್ಕಟ್ಟಿನಲ್ಲಿ ಹರಿಯುತ್ತದೆ. ಈ ನೋಟವನ್ನು ಕಾಣಿಸುವ ವಾಹನ ಬಿದಿರಿನ ದುಂಡು ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ತೊಗಲು ಹೊದಿಸಿದ ಇಂಥ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದುವೆಂದೂ ಸದಾ ಸುತ್ತುತ್ತಿದ್ದುವೆಂದೂ ಬರೆದಿದ್ದಾನೆ.

ಹರಿಗೋಲಿನ ಗುಣವೆಲ್ಲ ಅದರ ಅಗಲವಾದ ತಳದಲ್ಲಿದೆ. ತಳದ ವ್ಯಾಸ 2 ಮೀಟರು ಎಂದು ಭಾವಿಸೋಣ. ವಿಸ್ತೀರ್ಣ ಸುಮಾರು 3.14 ಚದರ ಮೀಟರು. ತಲಾ 60 ಕಿಲೋಗ್ರಾಂ ತೂಕದ ಆರು ಮಂದಿ ಹತ್ತಿದರೆ, ಆರ್ಕಿಮಿಡೀಸನ ತತ್ತ್ವದಂತೆ 360 ಲೀಟರು ನೀರು ಸ್ಥಳಾಂತರವಾಗಬೇಕು. ಅದಕ್ಕಾಗಿ ದೋಣಿಯು ಸುಮಾರು 11.5 ಸೆಂಟಿಮೀಟರು, ಎಂದರೆ ಗೇಣಿಗಿಂತಲೂ ಕಡಿಮೆ, ಹೆಚ್ಚಾಗಿ ಮುಳುಗಿದರೆ ಸಾಕು. ಆದುದರಿಂದಲೇ ಬಂಡೆಗಳ ಮೇಲಣ ತೆಳುನೀರಿನಲ್ಲಿಯೂ ಅದು ಸಾಗಬಲ್ಲುದು.

ಆದರೆ ದುಂಡಾದ ದೋಣಿಗೆ ಹಿಂದುಮುಂದುಗಳಿಲ್ಲ. ದಿಕ್ಕನ್ನು ಹಿಡಿದಿಡುವ ಉದ್ದನೆಯ ಅಡಿಮರವೂ ಇಲ್ಲ. ಒಂದೇ ಪಕ್ಕದಲ್ಲಿ ಹುಟ್ಟು ಹಾಕಿದರೆ ಗಿರ್ರನೆ ತಿರುಗುತ್ತದೆ. ಶಾಂತಜಲದಲ್ಲಿ ಇದು ವಿನೋದ, ಪ್ರವಾಹದಲ್ಲಿ ಅಪಾಯ. ಮೇಲ್ಗಡೆಯ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಹೆಚ್ಚಿದ ನೀರೆಲ್ಲ ಅದೇ ಇಕ್ಕಟ್ಟಿನಲ್ಲಿ ನುಗ್ಗಬೇಕಾಗಿ ವೇಗವು ಬಲಿಯುತ್ತದೆ. ಆಗ ಒಂದು ಹುಟ್ಟಿನ ಬಲ ಏನೇನೂ ಸಾಲದು. ಅಂಬಿಗನು ಬೇಡವೆಂದ ದಿನ ದಡದಲ್ಲಿಯೇ ನಿಂತು ನೋಡುವುದು ವಿವೇಕ.