ಬ್ಯಾಲೆನ್ಸ್ ಎಂದರೆ ಯಾರ ಹಣ?



'ನಮಗೆ ಇಂಗ್ಲಿಷ್ ಬರುವುದಿಲ್ಲ' ಎಂದು ಹೇಳುವ ನಾವೆಲ್ಲರೂ ದಿನಕ್ಕೆ ನಾಲ್ಕು ಸಲವಾದರೂ ಬಳಸುವ ಒಂದು ಇಂಗ್ಲಿಷ್ ಪದ ಉಂಟು. ಅದು 'ಬ್ಯಾಲೆನ್ಸ್'. ಬಸ್ಸಿನಲ್ಲಿ ಬ್ಯಾಲೆನ್ಸ್, ಅಂಗಡಿಯಲ್ಲಿ ಬ್ಯಾಲೆನ್ಸ್, ಮೊಬೈಲಿನಲ್ಲಿ ಬ್ಯಾಲೆನ್ಸ್, ಬ್ಯಾಂಕಿನಲ್ಲಿಯೂ ಬ್ಯಾಲೆನ್ಸ್. ಇಷ್ಟು ಪರಿಚಯದ ಪದಕ್ಕೆ ಪಾಠ ಯಾಕೆ ಎಂದು ಕೇಳಬಹುದು. ಕಾರಣ ಹೇಳುತ್ತೇವೆ.

ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಒಬ್ಬ ಸಹೋದರಿ ತನ್ನ ಸಾಲದ ಪುಸ್ತಕ ತೆರೆದು, "8,400 ರೂಪಾಯಿ ಬ್ಯಾಲೆನ್ಸ್ ಉಂಟಲ್ಲ, ಅದನ್ನು ತೆಗೆದು ಮಗಳ ಕಾಲೇಜಿನ ಫೀಸು ಕಟ್ತೇನೆ" ಅಂದಳು. ಅದು ಅವಳ ಹಣವಲ್ಲ, ಅವಳು ಇನ್ನೂ ಕಟ್ಟಬೇಕಾದ ಸಾಲ. ಕೆಲವರು ನಕ್ಕುಬಿಟ್ಟರು. ಅವಳು ಪುಸ್ತಕ ಮುಚ್ಚಿದವಳು ಸಭೆ ಮುಗಿಯುವವರೆಗೆ ಮಾತಾಡಲಿಲ್ಲ. ಸಭೆ ಮುಗಿದ ಮೇಲೆ, ನಕ್ಕವರಲ್ಲೇ ಇಬ್ಬರು ಮೆಲ್ಲಗೆ ನಮ್ಮ ಹತ್ತಿರ ಬಂದು ತಮ್ಮ ಪುಸ್ತಕ ತೋರಿಸಿ ಕೇಳಿದರು: "ಇದು ನಮ್ಮದಾ, ಬ್ಯಾಂಕಿನದ್ದಾ?" ಆ ಪ್ರಶ್ನೆಯೇ ಈ ತಿಂಗಳ ಪಾಠ.

1. ಪದದ ಮೂಲ

ಬ್ಯಾಲೆನ್ಸ್ ಎಂದರೆ ಮೊದಲ ಅರ್ಥ ತಕ್ಕಡಿ. ಲ್ಯಾಟಿನ್ ಭಾಷೆಯಲ್ಲಿ 'ಬಿ' ಎಂದರೆ ಎರಡು, 'ಲಾಂಕ್ಸ್' ಎಂದರೆ ತಟ್ಟೆ. ಎರಡು ತಟ್ಟೆಯ ತಕ್ಕಡಿಯಿಂದ ಈ ಪದ ಬಂದಿದೆ. ತಟ್ಟೆಗಳೆರಡೂ ಸಮನಾಗಿ ನಿಂತರೆ ಅದೇ ಸಮತೋಲನ. ಬೈಕಿನಲ್ಲಿ ಬ್ಯಾಲೆನ್ಸ್ ತಪ್ಪಿತು, ಮನೆಗೆಲಸ ಮತ್ತು ಸಂಘದ ಕೆಲಸ ಎರಡನ್ನೂ ಬ್ಯಾಲೆನ್ಸ್ ಮಾಡುತ್ತಾಳೆ ಎಂದು ಹೇಳುವಾಗ ಈ ಅರ್ಥವೇ ಇರುವುದು. ಲೆಕ್ಕದಲ್ಲಿಯೂ ಹಾಗೆಯೇ. ಒಂದು ತಟ್ಟೆಯಲ್ಲಿ ಬಂದ ಹಣ, ಇನ್ನೊಂದರಲ್ಲಿ ಹೋದ ಹಣ. ಎರಡರ ನಡುವಿನ ವ್ಯತ್ಯಾಸವೇ ಬ್ಯಾಲೆನ್ಸ್.

ತೊಂದರೆ ಇಲ್ಲಿಯೇ ಇದೆ. ಕನ್ನಡದಲ್ಲಿ ಕೈಯಲ್ಲಿ ಉಳಿದ ಹಣಕ್ಕೆ 'ಶಿಲ್ಕು' ಎನ್ನುತ್ತೇವೆ, ಕೊಡಬೇಕಾದ ಹಣಕ್ಕೆ 'ಬಾಕಿ' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬ್ಯಾಲೆನ್ಸ್ ಎಂಬ ಒಂದೇ ಪದ ನಡೆಯುತ್ತದೆ. ಆದ್ದರಿಂದ ಪದ ಕಂಡ ಕೂಡಲೇ ಒಂದು ಪ್ರಶ್ನೆ ಕೇಳಬೇಕು: ಇದು ಶಿಲ್ಕಾ, ಬಾಕಿಯಾ?

2. ದಿನನಿತ್ಯದ ಬಳಕೆ

2023ರ ಜೂನ್‌ನಿಂದ ನಮ್ಮ ರಾಜ್ಯದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟಿನ ಹಣವಿಲ್ಲ. ಖಾಸಗಿ ಬಸ್ಸಿನಲ್ಲಿ ಮಾತ್ರ ಕೊಡಲೇಬೇಕು. 32 ರೂಪಾಯಿ ಟಿಕೆಟಿಗೆ 50 ಕೊಟ್ಟರೆ 18 ರೂಪಾಯಿ ಬ್ಯಾಲೆನ್ಸ್. ಇದು ನಮಗೆ ಬರಬೇಕಾದದ್ದು. ಅಂಗಡಿಯ ಚೀಟಿಯಲ್ಲಿ 'ಬ್ಯಾಲೆನ್ಸ್ 240' ಎಂದು ಬರೆದಿದ್ದರೆ ಅದು ನಾವು ಕೊಡಬೇಕಾದದ್ದು. ಮೊಬೈಲಿನ ಬ್ಯಾಲೆನ್ಸ್ ನಾವು ಮುಂಚೆಯೇ ಕಟ್ಟಿ, ಇನ್ನೂ ಖರ್ಚು ಮಾಡದ ಹಣ. ಮೂರೂ ಕಡೆ ಪದ ಒಂದೇ, ಆದರೆ ಹಣದ ದಾರಿ ಬೇರೆ ಬೇರೆ.

3. ಬ್ಯಾಂಕಿನ ಪುಸ್ತಕದಲ್ಲಿ

ಉಳಿತಾಯ ಖಾತೆಯ ಪಾಸ್‌ಪುಸ್ತಕದಲ್ಲಿ ಬ್ಯಾಲೆನ್ಸ್ ಎಂದರೆ ನಮ್ಮ ಹಣ. ಅಂಕಿಯ ಪಕ್ಕದಲ್ಲಿ ಸಾಮಾನ್ಯವಾಗಿ 'ಸಿಆರ್' ಎಂದಿರುತ್ತದೆ. ಸಾಲದ ಖಾತೆಯಲ್ಲಿ ಬ್ಯಾಲೆನ್ಸ್ ಎಂದರೆ ನಮ್ಮ ಬಾಕಿ. ಅಲ್ಲಿ 'ಡಿಆರ್' ಎಂದೋ, ಅಂಕಿಯ ಜೊತೆ ಕಳೆಯುವ ಗುರುತೋ ಇರುತ್ತದೆ. ಉಳಿತಾಯದ ಬ್ಯಾಲೆನ್ಸ್ ಏರಿದರೆ ಸಂತೋಷ, ಸಾಲದ ಬ್ಯಾಲೆನ್ಸ್ ಇಳಿದರೆ ಸಂತೋಷ.

ಸಂಘಕ್ಕೆ ಕ್ಯಾಶ್ ಕ್ರೆಡಿಟ್ ಸಾಲ ಇದ್ದರೆ ಇನ್ನೂ ಜಾಗ್ರತೆ ಬೇಕು. ಅಲ್ಲಿ 'ಅವೈಲೆಬಲ್ ಬ್ಯಾಲೆನ್ಸ್' ಎಂದು ಕಂಡರೆ ಅದು ಸಂಘದ ಉಳಿತಾಯವಲ್ಲ, ಮಿತಿಯೊಳಗೆ ಇನ್ನೆಷ್ಟು ಸಾಲ ತೆಗೆಯಬಹುದು ಎಂಬ ಲೆಕ್ಕ. ತೆಗೆದರೆ ಬಡ್ಡಿ ಉಂಟು.

'ಮಿನಿಮಮ್ ಬ್ಯಾಲೆನ್ಸ್' ಎಂದರೆ ಖಾತೆಯಲ್ಲಿ ಉಳಿಸಲೇಬೇಕಾದ ಕನಿಷ್ಠ ಹಣ. 2014ರಲ್ಲಿ ಆರಂಭವಾದ ಜನಧನ ಖಾತೆಗೆ ಇದು ಬೇಡ. ಅದಕ್ಕೇ ಅದನ್ನು 'ಜೀರೋ ಬ್ಯಾಲೆನ್ಸ್ ಖಾತೆ' ಎಂದು ಕರೆಯುವುದು.

4. ಬಡ್ಡಿ ಯಾವ ಬ್ಯಾಲೆನ್ಸಿನ ಮೇಲೆ?

12,000 ರೂಪಾಯಿ ಸಾಲ, 12 ತಿಂಗಳ ಕಂತು, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳೋಣ. ಪ್ರತಿ ತಿಂಗಳು ಅಸಲು 1,000 ಕಟ್ಟುತ್ತೇವೆ.

'ಫ್ಲಾಟ್' ಬಡ್ಡಿಯಾದರೆ ಕೊನೆಯವರೆಗೂ ಪೂರ್ತಿ 12,000ದ ಮೇಲೆ ಲೆಕ್ಕ. ತಿಂಗಳಿಗೆ 120ರಂತೆ ವರ್ಷಕ್ಕೆ 1,440 ರೂಪಾಯಿ.

'ರೆಡ್ಯೂಸಿಂಗ್ ಬ್ಯಾಲೆನ್ಸ್' ಅಂದರೆ ಇಳಿಯುವ ಬಾಕಿಯ ಮೇಲೆ ಬಡ್ಡಿ. ಮೊದಲ ತಿಂಗಳು 120, ಎರಡನೆಯದು 110, ಹೀಗೆ ಇಳಿದು ಕೊನೆಯ ತಿಂಗಳು 10. ಒಟ್ಟು 780 ರೂಪಾಯಿ.

ಬಡ್ಡಿಯ ದರ ಒಂದೇ, ವ್ಯತ್ಯಾಸ 660 ರೂಪಾಯಿ! ಆದ್ದರಿಂದ ಸಾಲ ಕೊಡುವವರನ್ನು 'ಬಡ್ಡಿ ಎಷ್ಟು' ಎಂದು ಮಾತ್ರ ಕೇಳಿದರೆ ಸಾಲದು, 'ಯಾವುದರ ಮೇಲೆ' ಎಂದೂ ಕೇಳಬೇಕು. ಕಿರುಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದಂತೆ, ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅವಧಿಗೆ ಮುಂಚೆ ಬಾಕಿ ತೀರಿಸಿದರೆ ದಂಡ ಹಾಕುವಂತಿಲ್ಲ. ಕೇಳಲು ನಾಚಿಕೆ ಬೇಡ. ಅದು ನಮ್ಮ ಹಕ್ಕು.

5. ಸಂಘದ ಬ್ಯಾಲೆನ್ಸ್ ಶೀಟ್

ವರ್ಷದ ಕೊನೆಗೆ ಮಾಡುವ ಬ್ಯಾಲೆನ್ಸ್ ಶೀಟ್ ಕೂಡ ಎರಡು ತಟ್ಟೆಯ ತಕ್ಕಡಿಯೇ. ಉದಾಹರಣೆಗೆ, ಒಂದು ತಟ್ಟೆಯಲ್ಲಿ ಹಣ ಎಲ್ಲಿಂದ ಬಂತು ಎಂಬುದು: ಸದಸ್ಯರ ಉಳಿತಾಯ 60,000, ಬ್ಯಾಂಕಿನ ಸಾಲ 1,00,000, ಲಾಭ 10,000. ಇನ್ನೊಂದರಲ್ಲಿ ಹಣ ಈಗ ಎಲ್ಲಿದೆ ಎಂಬುದು: ಸದಸ್ಯರಿಗೆ ಕೊಟ್ಟ ಸಾಲ 1,50,000, ಬ್ಯಾಂಕಿನಲ್ಲಿ 18,500, ಕೈಯಲ್ಲಿ 1,500. ಎರಡೂ ಕಡೆ 1,70,000. ಸಮ ಬಾರದಿದ್ದರೆ ಎಲ್ಲೋ ಬರೆಯಲು ಮರೆತಿದ್ದೇವೆ ಅಥವಾ ತಪ್ಪು ಬರೆದಿದ್ದೇವೆ ಎಂದು ಅರ್ಥ. ಕೂಡಲೇ ಯಾರ ಮೇಲೂ ಸಂಶಯ ಪಡುವುದು ಬೇಡ. ಒಟ್ಟಿಗೆ ಕುಳಿತು ರಸೀದಿ ನೋಡೋಣ. ಸಮ ಬಂದರೂ ಪುಸ್ತಕದ ಅಂಕಿಯನ್ನು ಪಾಸ್‌ಪುಸ್ತಕ ಮತ್ತು ಪೆಟ್ಟಿಗೆಯ ಹಣದೊಂದಿಗೆ ತಾಳೆ ನೋಡಲೇಬೇಕು.

ಮುಂದಿನ ಸಭೆಗೆ

ಪ್ರತಿಯೊಬ್ಬರೂ ತಮ್ಮ ಉಳಿತಾಯದ ಮತ್ತು ಸಾಲದ ಪುಸ್ತಕ ತನ್ನಿರಿ. ಬ್ಯಾಲೆನ್ಸ್ ಎಂದು ಬರೆದಲ್ಲೆಲ್ಲ ಪೆನ್ಸಿಲಿನಲ್ಲಿ 'ಶಿಲ್ಕು' ಅಥವಾ 'ಬಾಕಿ' ಎಂದು ಬರೆಯಿರಿ. ಓದಲು ಬಾರದವರ ಪಕ್ಕದಲ್ಲಿ ಓದಬಲ್ಲವರು ಕುಳಿತುಕೊಳ್ಳಿ. ನಂತರ ಈ ಪ್ರಶ್ನೆಗಳನ್ನು ಚರ್ಚಿಸಿರಿ:

ಅ. ನಮ್ಮ ಸಂಘದ ಒಳಸಾಲಕ್ಕೆ ಬಡ್ಡಿ ಫ್ಲಾಟಾ, ಇಳಿಯುವ ಬಾಕಿಯ ಮೇಲಾ? ಇದು ಎಲ್ಲ ಸದಸ್ಯರಿಗೂ ಗೊತ್ತಿದೆಯೇ?
ಆ. ಸಂಘದ ಬ್ಯಾಂಕ್ ಖಾತೆಯ ಬ್ಯಾಲೆನ್ಸ್ ಎಷ್ಟು? ಅಧ್ಯಕ್ಷೆ, ಕಾರ್ಯದರ್ಶಿಯನ್ನು ಬಿಟ್ಟು ಬೇರೆ ಯಾರು ಹೇಳಬಲ್ಲರು?

ಪಾಠದ ಮೊದಲಿಗೆ ಹೇಳಿದ ಆ ಸಹೋದರಿ ಅಂದು ತನ್ನ ಪುಸ್ತಕವನ್ನು ಎಲ್ಲರ ಮುಂದೆ ತೆರೆದದ್ದರಿಂದಲೇ ಉಳಿದವರ ಪ್ರಶ್ನೆಯೂ ಹೊರಗೆ ಬಂತು. ಗೊತ್ತಿಲ್ಲದ್ದನ್ನು ಕೇಳಿದವರನ್ನು ನೋಡಿ ನಗದಿರುವುದು ಸಂಘದ ಮೊದಲ ನಿಯಮವಾಗಲಿ.