ಉದ್ಯಾನಕ್ಕೊಂದು ಪ್ರತ್ಯೇಕ ಥೈಲಿ: ಮಿನಿಯಾಪೊಲಿಸ್ ನಗರದ ಅನುಭವ

ಉದ್ಯಮದ ಲೆಕ್ಕಪತ್ರಗಳನ್ನು ಬಲ್ಲವರಿಗೆ ಬಂಡವಾಳ ವೆಚ್ಚಕ್ಕೂ ನಿರ್ವಹಣಾ ವೆಚ್ಚಕ್ಕೂ ಇರುವ ಅಂತರವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಯಂತ್ರವನ್ನು ಕೊಳ್ಳುವುದು ಒಂದು ದಿನದ ಕೆಲಸ; ಅದಕ್ಕೆ ಎಣ್ಣೆ ಹಾಕುವುದು ನಿತ್ಯದ ಕೆಲಸ. ಆದರೆ ಇದೇ ಸರಳ ಪಾಠವನ್ನು ನಗರದ ಉದ್ಯಾನಗಳಿಗೆ ಅನ್ವಯಿಸಬೇಕಾದಾಗ ನಾವು ಅದನ್ನು ಮರೆತುಬಿಡುತ್ತೇವೆ. ಈ ಲೇಖಕನ ಮನೆಯ ಸಮೀಪದ ಉದ್ಯಾನವೊಂದರಲ್ಲಿ ಕೆಲವು ವರ್ಷಗಳ ಹಿಂದೆ ಗಣ್ಯರ ಸಮ್ಮುಖದಲ್ಲಿ ಕಾರಂಜಿಯೊಂದು ಉದ್ಘಾಟನೆಗೊಂಡಿತು. ಅದರ ಮೋಟಾರು ಸುಟ್ಟುಹೋದ ನಂತರ, ದುರಸ್ತಿಯ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರಬೇಕೆಂಬುದು ಇತ್ಯರ್ಥವಾಗಲೇ ಇಲ್ಲ. ಈಗ ಆ ತೊಟ್ಟಿಯಲ್ಲಿ ಒಣಗಿದ ಎಲೆಗಳಿವೆ. ಉದ್ಘಾಟನೆಯ ಕಲ್ಲಿನ ಫಲಕ ಮಾತ್ರ ಹೊಳಪು ಕಳೆದುಕೊಂಡಿಲ್ಲ.

ಉದ್ಯಾನಗಳ ದುಃಸ್ಥಿತಿಗೆ ಹಣದ ಕೊರತೆಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕೊರತೆ ಇರುವುದು ನಿಜ. ಆದರೆ ಹಣ ಯಾರ ಕೈಯಲ್ಲಿದೆ, ಅದು ಯಾರಿಂದ ಬರುತ್ತದೆ ಎಂಬ ಪ್ರಶ್ನೆಗಳು ಹಣದ ಮೊತ್ತಕ್ಕಿಂತ ಹೆಚ್ಚು ನಿರ್ಣಾಯಕವಾದವು. ಇದನ್ನು ಅರಿಯಲು ಅಮೆರಿಕದ ಮಿನಿಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ಉದ್ಯಾನ ಮಂಡಳಿಯ ಇತಿಹಾಸವನ್ನು ಅಭ್ಯಸಿಸುವುದು ಉಪಯುಕ್ತ. ಈ ಮಂಡಳಿಯ ಹುಟ್ಟಿಗೆ ಕಾರಣವಾದದ್ದು ನಮ್ಮಂತಹುದೇ ಒಂದು ವರ್ತಕರ ಸಂಸ್ಥೆ ಎಂಬುದು ಈ ಪತ್ರಿಕೆಯ ಓದುಗರಿಗೆ ವಿಶೇಷ ಆಸಕ್ತಿಯ ಸಂಗತಿಯಾದೀತು.

ವರ್ತಕರ ನಿರ್ಣಯ

ಮಿಸಿಸಿಪಿ ನದಿಯ ಸೇಂಟ್ ಆಂಟನಿ ಜಲಪಾತದ ಬಲದಿಂದ ಬೆಳೆದ ಊರು ಮಿನಿಯಾಪೊಲಿಸ್. ಹಿಟ್ಟಿನ ಗಿರಣಿಗಳೇ ಅದರ ಜೀವಾಳ. 1880ರಲ್ಲಿ ಸುಮಾರು 47 ಸಾವಿರವಿದ್ದ ಜನಸಂಖ್ಯೆ 1890ರ ಹೊತ್ತಿಗೆ ಸುಮಾರು 1 ಲಕ್ಷ 65 ಸಾವಿರಕ್ಕೆ ಏರಿತು. ಇಷ್ಟು ವೇಗವಾಗಿ ಬೆಳೆಯುವ ಊರಿನಲ್ಲಿ ಜಮೀನಿನ ಬೆಲೆ ಎತ್ತ ಸಾಗುತ್ತದೆಂದು ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸರೋವರಗಳ ದಂಡೆಯ ಭೂಮಿಯನ್ನು ಅಂದೇ ಕೊಳ್ಳದಿದ್ದರೆ ಮುಂದೆ ಕೊಳ್ಳಲಾಗದೆಂಬುದು ಸ್ಪಷ್ಟವಾಗಿತ್ತು. ನಗರಸಭೆ ಮಾತ್ರ ಹಿಂದೆಮುಂದೆ ನೋಡುತ್ತಿತ್ತು. ಆಗ ಅಲ್ಲಿನ ವರ್ತಕರ ಸಂಸ್ಥೆಯಾದ ಬೋರ್ಡ್ ಆಫ್ ಟ್ರೇಡ್, 1883ರ ಜನವರಿಯಲ್ಲಿ ಒಂದು ನಿರ್ಣಯವನ್ನು ಅಂಗೀಕರಿಸಿ, ನಗರಸಭೆಯ ಅಧೀನಕ್ಕೊಳಪಡದ ಸ್ವತಂತ್ರ ಉದ್ಯಾನ ಮಂಡಳಿಯೊಂದನ್ನು ಸ್ಥಾಪಿಸಬೇಕೆಂದು ರಾಜ್ಯ ಶಾಸನಸಭೆಯನ್ನು ಕೋರಿತು. ಶಾಸನಸಭೆ ಮುಂದಿನ ತಿಂಗಳೇ ಕಾನೂನು ರಚಿಸಿತು. ಏಪ್ರಿಲ್‌ನಲ್ಲಿ ನಗರದ ಮತದಾರರು ಅದನ್ನು ಅನುಮೋದಿಸಿದರು.

ವಿರೋಧವೇನೂ ಇರಲಿಲ್ಲವೆಂದಲ್ಲ. ತನ್ನ ಅಧಿಕಾರ ಮೊಟಕಾಗುವುದೆಂದು ನಗರಸಭೆ ವಿರೋಧಿಸಿತು. ಕಾರ್ಮಿಕರ ಸಂಘಟನೆಯಾದ ನೈಟ್ಸ್ ಆಫ್ ಲೇಬರ್ ಕೂಡ ವಿರೋಧಿಸಿತು. ಅದರ ಪ್ರಕಾರ ಈ ಉದ್ಯಾನಗಳಿಂದ ಲಾಭ ಪಡೆಯುವವರು ಸ್ಥಿತಿವಂತರೇ ಹೊರತು ದುಡಿಯುವ ಜನರಲ್ಲ. ಈ ಆಕ್ಷೇಪವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮಂಡಳಿಯ ಮೊದಲ ಅಧ್ಯಕ್ಷ ಚಾರ್ಲ್ಸ್ ಲೋರಿಂಗ್ ಸ್ವತಃ ವ್ಯಾಪಾರಿ. ಅದೇ ವರ್ಷ ವಿನ್ಯಾಸಕಾರ ಹೊರೇಸ್ ಕ್ಲೀವ್‌ಲೆಂಡ್ ಸಲ್ಲಿಸಿದ ವರದಿಯಲ್ಲಿ, ಅಲ್ಲೊಂದು ಇಲ್ಲೊಂದು ತೋಟ ಮಾಡುವುದರ ಬದಲು, ಸರೋವರಗಳನ್ನೂ ನದೀ ತೀರವನ್ನೂ ಮರಗಳ ಸಾಲಿನ ರಸ್ತೆಗಳಿಂದ ಬೆಸೆಯುವ ಒಂದೇ ವ್ಯವಸ್ಥೆಯನ್ನು ಸೂಚಿಸಲಾಗಿತ್ತು. ಭೂಮಿ ಮೊದಲು, ಅಲಂಕಾರ ಆಮೇಲೆ ಎಂಬುದು ಅವರ ಸಲಹೆಯ ತಿರುಳು. ಇಂದು ಮಂಡಳಿಯ ವಶದಲ್ಲಿ ನೆಲ ಮತ್ತು ಜಲ ಸೇರಿ ಸುಮಾರು 6,800 ಎಕರೆಯಿದೆ.

ಮಂಡಳಿಯ ರಚನೆ ಮತ್ತು ವರಮಾನ

ಮಂಡಳಿಯಲ್ಲಿ ಜನರಿಂದ ನೇರವಾಗಿ ಆಯ್ಕೆಯಾದ ಒಂಬತ್ತು ಮಂದಿ ಸದಸ್ಯರಿದ್ದಾರೆ. ಆರು ಮಂದಿ ಆರು ವಿಭಾಗಗಳಿಂದ, ಮೂವರು ಇಡೀ ನಗರದಿಂದ ಚುನಾಯಿತರು. ಆಡಳಿತ ನಡೆಸುವ ಅಧಿಕಾರಿಯನ್ನು ಮಂಡಳಿಯೇ ನೇಮಿಸುತ್ತದೆ. ಉದ್ಯಾನಗಳಿಗೆ ಪ್ರತ್ಯೇಕ ಪೊಲೀಸ್ ಪಡೆಯೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಸ್ತಿ ತೆರಿಗೆಯಲ್ಲಿ ಮಂಡಳಿಗೆ ತನ್ನದೇ ಪಾಲನ್ನು ವಿಧಿಸುವ ಹಕ್ಕಿದೆ. ಆ ಪಾಲಿನ ಗರಿಷ್ಠ ಮಿತಿಯನ್ನು ‘ಅಂದಾಜು ಮತ್ತು ತೆರಿಗೆ ಮಂಡಳಿ’ ಎಂಬ ಬೇರೊಂದು ಸಂಸ್ಥೆ ನಿಗದಿಪಡಿಸುತ್ತದೆ. ಮಿತಿಯೊಳಗೆ ಎಷ್ಟು ವಿಧಿಸಬೇಕು, ಹೇಗೆ ವ್ಯಯಿಸಬೇಕು ಎಂಬುದು ಉದ್ಯಾನ ಮಂಡಳಿಗೆ ಸೇರಿದ್ದು. ಅದರ ಸಾಮಾನ್ಯ ನಿಧಿಯ ಬಹುಪಾಲು ಈ ತೆರಿಗೆಯಿಂದಲೇ ಬರುತ್ತದೆ.

ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕು. ನಗರಸಭೆಯ ಸಾಮಾನ್ಯ ಆಯವ್ಯಯದಲ್ಲಿ ಉದ್ಯಾನವು ರಸ್ತೆ, ಚರಂಡಿ, ಅಗ್ನಿಶಾಮಕ ದಳಗಳೊಂದಿಗೆ ಪೈಪೋಟಿ ನಡೆಸಬೇಕಾಗುತ್ತದೆ. ಆ ಪೈಪೋಟಿಯಲ್ಲಿ ಅದು ಸೋಲುವುದು ಸಹಜ. ಚರಂಡಿ ಒಡೆದರೆ ಆ ದಿನವೇ ದೂರು ಬರುತ್ತದೆ. ಮರಕ್ಕೆ ನೀರು ಹಾಕದಿದ್ದರೆ ಎರಡು ಬೇಸಿಗೆ ಕಳೆಯುವವರೆಗೆ ಯಾರಿಗೂ ತಿಳಿಯುವುದಿಲ್ಲ. ಮಿನಿಯಾಪೊಲಿಸ್‌ನಲ್ಲಿ ಈ ಪೈಪೋಟಿಯನ್ನೇ 1883ರಲ್ಲಿ ತಪ್ಪಿಸಲಾಯಿತು.

ನಿವೇಶನದಾರರ ಸುಧಾರಣಾ ಶುಲ್ಕ

ಆದರೆ ವಾರ್ಷಿಕ ತೆರಿಗೆ ನಿರ್ವಹಣೆಗೆ ಸಾಕಾದೀತೇ ಹೊರತು ಭೂಮಿ ಕೊಳ್ಳಲು ಸಾಲದು. ಭೂಮಿಗಾಗಿ ಅನುಸರಿಸಿದ ದಾರಿ ಬೇರೆ. ಉದ್ಯಾನವಾದರೆ ಸುತ್ತಲಿನ ನಿವೇಶನಗಳ ಬೆಲೆ ಏರುತ್ತದೆ. ಆದುದರಿಂದ ಲಾಭ ಪಡೆಯುವ ನಿವೇಶನದಾರರೇ ವೆಚ್ಚವನ್ನು ಭರಿಸಲಿ ಎಂಬುದು ಅದರ ಹಿಂದಿನ ತರ್ಕ. 1911ರ ಎಲ್ವೆಲ್ ಕಾನೂನು ಈ ಪದ್ಧತಿಯನ್ನು ವಿಸ್ತರಿಸಿ, ಪೂರ್ಣ ವೆಚ್ಚವನ್ನೂ ಆಸುಪಾಸಿನ ಆಸ್ತಿಗಳ ಮೇಲೆ ಹೇರಿ, ವಾರ್ಷಿಕ ಕಂತುಗಳಲ್ಲಿ ವಸೂಲು ಮಾಡಲು ಅವಕಾಶ ನೀಡಿತು. 1906ರಿಂದ 1935ರವರೆಗೆ ಉದ್ಯಾನಗಳ ಮೇಲ್ವಿಚಾರಕರಾಗಿದ್ದ ಸ್ವಿಸ್ ಮೂಲದ ಥಿಯೊಡೋರ್ ವಿರ್ತ್ ಈ ಅಸ್ತ್ರವನ್ನು ದಕ್ಷತೆಯಿಂದ ಬಳಸಿದರು. ಅವರ ಕಾಲದಲ್ಲಿ ಉದ್ಯಾನಗಳ ವಿಸ್ತೀರ್ಣ ಸುಮಾರು 1,800 ಎಕರೆಯಿಂದ ಸುಮಾರು 5,200 ಎಕರೆಗೆ ಬೆಳೆಯಿತು. ಪ್ರತಿ ಮಗುವಿಗೂ ಕಾಲು ಮೈಲಿಯೊಳಗೆ ಆಟದ ಬಯಲಿರಬೇಕೆಂಬ ಗುರಿಯನ್ನೂ ಅವರು ಮುಂದಿಟ್ಟರು. ಹುಲ್ಲಿನ ಮೇಲೆ ನಡೆಯಬಾರದೆಂಬ ಫಲಕಗಳನ್ನು ತೆಗೆಸಿದ ಕೀರ್ತಿಯೂ ಅವರದೇ. (ನಮ್ಮಲ್ಲಿ ಈ ಫಲಕಗಳು ಹುಲ್ಲು ಹೋದ ಮೇಲೂ ಉಳಿದಿರುತ್ತವೆ.)

ವ್ಯಾಪಾರಿಯ ದೃಷ್ಟಿಗೆ ಇದಕ್ಕಿಂತ ನ್ಯಾಯವಾದ ಪದ್ಧತಿ ಇನ್ನೊಂದಿಲ್ಲವೆನಿಸುತ್ತದೆ. ಲಾಭ ಪಡೆದವನು ಬೆಲೆ ಕೊಡುತ್ತಾನೆ. ಹಾಗಿದ್ದರೂ ಇದರೊಳಗೊಂದು ದೋಷ ಅಡಗಿದೆ. ಕೇವಲ ಊಹೆಯ ಅಂಕಿಗಳಿಂದ ಅದನ್ನು ಪರೀಕ್ಷಿಸೋಣ. ಒಂದು ಉದ್ಯಾನದ ವೆಚ್ಚ 1 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ಸುತ್ತಲಿನ 500 ನಿವೇಶನಗಳಿಗೆ ಹಂಚಿದರೆ ತಲಾ 200 ಡಾಲರ್. ಹತ್ತು ವರ್ಷದ ಕಂತಾದರೆ ವರ್ಷಕ್ಕೆ 20 ಡಾಲರ್ ಮತ್ತು ಬಡ್ಡಿ. ಸ್ಥಿತಿವಂತರ ಬಡಾವಣೆಯಲ್ಲಿ ನಿವೇಶನದ ಬೆಲೆ 2,000 ಡಾಲರ್. ಉದ್ಯಾನದಿಂದ ಬೆಲೆ ಶೇಕಡ 15ರಷ್ಟು ಏರಿದರೆ ಮಾಲೀಕನಿಗೆ 300 ಡಾಲರ್ ಲಾಭ. ಅವನು 200 ಡಾಲರನ್ನು ನಗುನಗುತ್ತಾ ಕೊಡುತ್ತಾನೆ. ಗಿರಣಿ ಕಾರ್ಮಿಕರ ಬಡಾವಣೆಯಲ್ಲಿ ನಿವೇಶನದ ಬೆಲೆ 400 ಡಾಲರ್. ಅದೇ ಶೇಕಡ 15ರ ಏರಿಕೆ ಅವನಿಗೆ ತರುವುದು 60 ಡಾಲರ್. ತೆರಬೇಕಾದದ್ದು ಮಾತ್ರ ಅದೇ 200. ಅವನು ಬೇಡವೆನ್ನುತ್ತಾನೆ. ಅವನಿಗೆ ಉದ್ಯಾನ ಬೇಡವೆಂದು ಇದರ ಅರ್ಥವಲ್ಲ. ಚಿಕ್ಕ ಮನೆಯಲ್ಲಿ ವಾಸಿಸುವ ಅವನ ಮಕ್ಕಳಿಗೇ ಅದರ ಅಗತ್ಯ ಹೆಚ್ಚು. ಆದರೆ ಅಗತ್ಯವನ್ನು ಅಳೆಯುವ ಕೋಲು ಈ ಪದ್ಧತಿಯಲ್ಲಿಲ್ಲ. ನಿವೇಶನದ ಬೆಲೆಯನ್ನು ಅಳೆಯುವ ಕೋಲು ಮಾತ್ರವಿದೆ.

ನಗರದ ನಕ್ಷೆಯ ಮೇಲೂ ಇದರ ಗುರುತು ಉಳಿಯಿತು. ನೈಋತ್ಯದ ಸರೋವರಗಳ ಸುತ್ತ ಹೂಳು ತೆಗೆದು, ದಂಡೆಗಳನ್ನು ರೂಪಿಸಿ, 1911ರಲ್ಲಿ ಸರೋವರಗಳನ್ನು ಕಾಲುವೆಯಿಂದ ಜೋಡಿಸಿ ನಗರವು ಸಂಭ್ರಮಿಸಿತು. ಅವುಗಳ ಸುತ್ತ ಭವ್ಯ ಮನೆಗಳೆದ್ದವು. ಕಾರ್ಖಾನೆ ಮತ್ತು ರೈಲು ಹಳಿಗಳ ನಡುವಿನ ಈಶಾನ್ಯ ಭಾಗಕ್ಕೆ ದೊರೆತ ಉದ್ಯಾನಗಳು ಕಡಿಮೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ನಿವೇಶನದಾರರು ಕಂತು ಕಟ್ಟಲಾಗದೆ ಹೋದಾಗ ಈ ಪದ್ಧತಿಯೇ ಸ್ತಬ್ಧವಾಯಿತು. 1883ರಲ್ಲಿ ಕಾರ್ಮಿಕರ ಸಂಘಟನೆ ವ್ಯಕ್ತಪಡಿಸಿದ ಆತಂಕ ಪೂರ್ಣವಾಗಿ ನಿಜವಾಯಿತೆನ್ನುವುದು ಅತಿಯಾದೀತು. ಅದು ಸುಳ್ಳಾಯಿತೆಂದೂ ಹೇಳಲಾಗದು.

ಶುಲ್ಕದ ಆದಾಯ

ಮಂಡಳಿಗೆ ಮೂರನೆಯದೊಂದು ಆದಾಯ ಮೂಲವಿದೆ. ಗಾಲ್ಫ್ ಮೈದಾನ, ಹಿಮಕ್ರೀಡೆಯ ಒಳಾಂಗಣ, ವಾಹನ ನಿಲುಗಡೆ, ಉಪಾಹಾರ ಮಳಿಗೆಗಳ ವರಮಾನವನ್ನು ಪ್ರತ್ಯೇಕ ಉದ್ಯಮ ನಿಧಿಯಲ್ಲಿರಿಸಲಾಗುತ್ತದೆ. ಬಳಸುವವನೇ ತೆರುವ ಈ ವಿಧಾನದ ಬಗ್ಗೆ ನಮ್ಮಲ್ಲಿ ಅನೇಕರಿಗೆ ವಿಶೇಷ ಒಲವಿದೆ. ಮಿತಿಯನ್ನೂ ಅರಿತಿರುವುದು ಒಳ್ಳೆಯದು. 2014ರ ಜೂನ್ ತಿಂಗಳ ಭಾರಿ ಮಳೆಗೆ ಹಯವಾಥ ಮತ್ತು ಮೆಡೋಬ್ರೂಕ್ ಎಂಬ ಎರಡು ಗಾಲ್ಫ್ ಮೈದಾನಗಳು ಜಲಾವೃತವಾದವು; ಮೆಡೋಬ್ರೂಕ್ ಮತ್ತೆ ತೆರೆದದ್ದು 2017ರಲ್ಲಿ. ಹಯವಾಥ ಮೈದಾನವನ್ನು ಒಣಗಿಸಿಡಲು ಪರವಾನಗಿಗಿಂತ ಬಹಳ ಹೆಚ್ಚು ಅಂತರ್ಜಲವನ್ನು ಪಂಪಿನಿಂದ ಹೊರಹಾಕಲಾಗುತ್ತಿತ್ತೆಂಬುದು ಆ ನಂತರ ಬೆಳಕಿಗೆ ಬಂದು, ಅದನ್ನು ಉಳಿಸಬೇಕೇ ಕಿರಿದುಗೊಳಿಸಬೇಕೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಗಳಿಸುವ ಆಸ್ತಿಯೂ ಒಂದು ದಿನ ಖರ್ಚಿನ ಬಾಬ್ತಾಗಬಲ್ಲದು. ಮಕ್ಕಳ ಸಂಜೆಯ ಆಟದ ತರಗತಿ ಅಂತಹ ಆದಾಯವನ್ನೇ ನಂಬಿ ಕುಳಿತರೆ ಅಪಾಯ.

2016ರ ತಿದ್ದುಪಡಿ

2010ರ ನಂತರದ ವರ್ಷಗಳಲ್ಲಿ ಬಡಾವಣೆಗಳ ಉದ್ಯಾನಗಳ ಆಟದ ಸಲಕರಣೆ, ಕಟ್ಟಡ, ಕಾಲುದಾರಿಗಳು ಸವೆದು, ದುರಸ್ತಿಯ ಬಾಕಿ ಬೆಳೆಯುತ್ತಾ ಹೋಯಿತು. 2016ರಲ್ಲಿ ನಗರಸಭೆ ಮತ್ತು ಉದ್ಯಾನ ಮಂಡಳಿಗಳೆರಡೂ ಒಟ್ಟಾಗಿ ನಿಯಮ ರಚಿಸಿ, 2017ರಿಂದ 2036ರವರೆಗೆ 20 ವರ್ಷಗಳ ಕಾಲ, ಸುಮಾರು 160 ನೆರೆಹೊರೆ ಉದ್ಯಾನಗಳಿಗೆ ವರ್ಷಕ್ಕೆ ಸುಮಾರು 1 ಕೋಟಿ 10 ಲಕ್ಷ ಡಾಲರ್‌ಗಳ ಹೆಚ್ಚುವರಿ ಅನುದಾನವನ್ನು ಗೊತ್ತುಪಡಿಸಿದವು.

ಮೊತ್ತಕ್ಕಿಂತ ಗಮನಾರ್ಹವಾದುದು ಹಂಚಿಕೆಯ ವಿಧಾನ. ಯಾವ ಉದ್ಯಾನಕ್ಕೆ ಮೊದಲು ಹಣ ಎಂಬುದನ್ನು ಸದಸ್ಯರ ಪ್ರಭಾವಕ್ಕೆ ಬಿಡದೆ, ಅಂಕಗಳ ಮೂಲಕ ನಿರ್ಧರಿಸುವ ಸೂತ್ರವನ್ನು ನಿಯಮದಲ್ಲೇ ಅಡಕಗೊಳಿಸಲಾಯಿತು. ಬಡತನ ಹಾಗೂ ವರ್ಣಭೇದದ ಹಿನ್ನೆಲೆಯುಳ್ಳ ಪ್ರದೇಶವೇ, ಜನಸಾಂದ್ರತೆಯೆಷ್ಟು, ಮಕ್ಕಳ ಮತ್ತು ತರುಣರ ಸಂಖ್ಯೆಯೆಷ್ಟು, ಸುರಕ್ಷತೆ ಹೇಗಿದೆ, ಆಸ್ತಿಗಳು ಯಾವ ಸ್ಥಿತಿಯಲ್ಲಿವೆ, ಅವುಗಳ ಆಯುಷ್ಯ ಎಷ್ಟು ಉಳಿದಿದೆ, ಹಿಂದೆ ಅಲ್ಲಿ ಎಷ್ಟು ಹಣ ಹೂಡಲಾಗಿತ್ತು ಎಂಬ ಅಂಶಗಳಿಗೆ ಅಂಕ ನೀಡಿ, ಹೆಚ್ಚು ಅಂಕ ಪಡೆದ ಉದ್ಯಾನವನ್ನು ಮೊದಲು ಕೈಗೆತ್ತಿಕೊಳ್ಳಲಾಗುತ್ತದೆ. ಅಗತ್ಯವನ್ನು ಅಳೆಯುವ ಕೋಲು ಕೊನೆಗೂ ದೊರೆಯಿತು. ಎಲ್ವೆಲ್ ಕಾನೂನಾಗಿ 105 ವರ್ಷ ಕಳೆದಿತ್ತು.

ನಮ್ಮಲ್ಲಿ

ಮಿನಿಯಾಪೊಲಿಸ್‌ನ ಪದ್ಧತಿಯನ್ನು ಇಡಿಯಾಗಿ ಇಲ್ಲಿ ನೆಡಲಾಗದು. ನಮ್ಮ ಭೂಮಿಯ ಕಾನೂನೇ ಬೇರೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯಿದೆಯ ಪ್ರಕಾರ ಬಡಾವಣೆಯ ಕನಿಷ್ಠ ಶೇಕಡ 15ರಷ್ಟು ಭಾಗವನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ ಕಾದಿರಿಸಬೇಕು. ರಾಜಮಹಲ್ ವಿಲಾಸ್ ವಿಸ್ತರಣೆಯಲ್ಲಿ ಹೀಗೆ ಕಾದಿರಿಸಿದ್ದ ಜಾಗವನ್ನು ಖಾಸಗಿ ಶುಶ್ರೂಷಾಲಯಕ್ಕೆ ನೀಡಿದಾಗ ನಿವಾಸಿಗಳು ನ್ಯಾಯಾಲಯದ ಮೊರೆಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು. ಹೀಗೆ ಜಾಗಕ್ಕೆ ಕಾನೂನಿನ ರಕ್ಷಣೆಯಿದೆ. ಅಲ್ಲಿ ನೀರು ಹಾಕುವ ಮಾಲಿಯ ಸಂಬಳಕ್ಕೆ ಅಂತಹ ರಕ್ಷಣೆಯಿಲ್ಲ. ಹಳೆಯ ಪೇಟೆಯ ಓಣಿಗಳಿಗೂ ರೆವಿನ್ಯೂ ಬಡಾವಣೆಗಳಿಗೂ ಆ ಶೇಕಡ 15ರ ಭಾಗ್ಯವೂ ಇಲ್ಲ.

ಈ ಕೊರತೆಯನ್ನು ಕಂಪನಿಗಳು ಉದ್ಯಾನಗಳನ್ನು ದತ್ತು ಪಡೆದು ತುಂಬಲಿ ಎಂಬ ಮಾತು ನಮ್ಮ ಸಭೆಗಳಲ್ಲೂ ಕೇಳಿಬರುತ್ತದೆ. ದತ್ತು ಪಡೆದು ಚೆನ್ನಾಗಿ ನೋಡಿಕೊಂಡ ನಿದರ್ಶನಗಳು ಇಲ್ಲದಿಲ್ಲ. ಆದರೆ 2013ರ ಕಂಪನಿ ಕಾಯಿದೆಯ 135ನೇ ಪ್ರಕರಣವೇ, ಸಾಮಾಜಿಕ ಹೊಣೆಗಾರಿಕೆಯ ವೆಚ್ಚದಲ್ಲಿ ಕಂಪನಿ ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆನ್ನುತ್ತದೆ. ಕಚೇರಿಗಳಿರುವೆಡೆ ಹಸಿರು ಹೆಚ್ಚಿ, ಕಚೇರಿಗಳಿಲ್ಲದೆಡೆ ಒಣಗುವುದು ಇದರ ಸಹಜ ಫಲ. ಎಲ್ವೆಲ್ ಕಾನೂನಿನ ದೋಷವೇ ಇಲ್ಲಿ ದಾನದ ರೂಪದಲ್ಲಿ ಮರಳುತ್ತದೆ. ಒಪ್ಪಂದದ ಅವಧಿ ಮುಗಿದ ಮೇಲೆ ಮಾಲಿಯ ಪ್ರಶ್ನೆ ಮತ್ತೆ ಮೊದಲಿನ ಸ್ಥಳಕ್ಕೇ ಬಂದು ನಿಲ್ಲುತ್ತದೆ.

2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾದವು. ಸಾವಿರಕ್ಕೂ ಮಿಕ್ಕ ಉದ್ಯಾನಗಳು ಈ ಐದರ ನಡುವೆ ಹಂಚಿಹೋದವು. ಐದರ ತೆರಿಗೆ ಬಲ ಸಮನಾಗಿಲ್ಲ. ಉದ್ಯಾನದ ಕೊರತೆಯೂ ಸಮನಾಗಿಲ್ಲ. ಆದುದರಿಂದ ಪ್ರತ್ಯೇಕ ಥೈಲಿಯ ಪ್ರಶ್ನೆಯನ್ನು ಎತ್ತಲು ಇದು ಸೂಕ್ತ ಸಮಯ. ನಮ್ಮ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯಕ್ಕೆಂದು ಶೇಕಡ 6, ಭಿಕ್ಷುಕರ ಪುನರ್ವಸತಿಗೆಂದು ಶೇಕಡ 3 ಉಪಕರಗಳನ್ನು ತೆರುತ್ತಾ ಬಂದಿದ್ದೇವೆ. ಉದ್ಯಾನಕ್ಕೆಂದು ಅಂತಹ ಸಾಲೊಂದಿಲ್ಲ. ಹೊಸ ಉಪಕರವೆಂದರೆ ಸದಸ್ಯ ಬಾಂಧವರು ಹುಬ್ಬುಗಂಟಿಕ್ಕುವುದು ಸಹಜವೇ. ಹೊಸ ಹೊರೆ ಬೇಡವೆನ್ನುವವರು, ಈಗಿನ ತೆರಿಗೆಯಲ್ಲೇ ಒಂದು ನಿಶ್ಚಿತ ಪಾಲನ್ನು ಬೇರ್ಪಡಿಸಿ, ಐದೂ ಪಾಲಿಕೆಗಳಿಗೆ ಸೇರಿದ ಒಂದೇ ನಿಧಿಗೆ ಹಾಕಿ, ಅಗತ್ಯದ ಅಂಕಗಳ ಮೇಲೆ ಹಂಚಬೇಕೆಂದು ಕೇಳಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಗ್ರಂಥಾಲಯದ ಉಪಕರವನ್ನು ಸ್ಥಳೀಯ ಸಂಸ್ಥೆ ವಸೂಲು ಮಾಡಿದರೂ ಅದು ಗ್ರಂಥಾಲಯ ಇಲಾಖೆಯನ್ನು ತಲುಪಲು ವರ್ಷಗಟ್ಟಲೆ ಬಾಕಿಯುಳಿದ ಪ್ರಸಂಗಗಳನ್ನು ನಾವು ಕಂಡಿದ್ದೇವೆ. ರಸೀತಿಯಲ್ಲಿ ಪ್ರತ್ಯೇಕ ಸಾಲು ಇದ್ದಮಾತ್ರಕ್ಕೆ ಥೈಲಿ ಪ್ರತ್ಯೇಕವಾಗುವುದಿಲ್ಲ. 1883ರಲ್ಲಿ ಆ ವರ್ತಕರು ಕೇಳಿದ್ದು ಅನುದಾನವನ್ನಲ್ಲ. ತೆರಿಗೆ ವಿಧಿಸುವ ಹಕ್ಕನ್ನೂ ಹಣದ ಪೆಟ್ಟಿಗೆಯ ಬೀಗದ ಕೈಯನ್ನೂ ಒಂದೇ ಮಂಡಳಿಗೆ ಕೊಡಬೇಕೆಂದು ಅವರು ಕೇಳಿದ್ದರು.