ಬಾಗೆ ಮರದ ಚಾಟ್ನಿ: ಅಂಗಳಕ್ಕೆ ನೆರಳಿನ ಕೊಡೆ

ಬಾಗೆ ಮರವನ್ನು ಅದರ ಪಾಡಿಗೆ ಬಿಟ್ಟರೆ 15ರಿಂದ 20 ಮೀಟರ್ ಎತ್ತರಕ್ಕೆ ಬೆಳೆದು, ಅಗಲಕ್ಕೂ ಧಾರಾಳವಾಗಿ ಹರಡುತ್ತದೆ. ಗುಲಾಬಿ ಬಣ್ಣದ ಹೂ ಬಿಡುವ ಹಿಮಾಲಯದ ‘ಸಿಲ್ಕ್ ಟ್ರೀ’ ಇದರ ಹತ್ತಿರದ ಬಂಧು. ಬಾಗಲಕೋಟೆಯ ವಿದ್ಯಾಗಿರಿಯಂಥ ಬಿಸಿಲೂರಿಗೆ, ಕಡಿಮೆ ಮಳೆಗೆ ಒಗ್ಗುವುದು ಮಾತ್ರ ಬಾಗೆಯೇ. ಕಾಳಿದಾಸನ ಶಕುಂತಲೆ ಕಿವಿಗೆ ಮುಡಿದ ಶಿರೀಷವೂ ಇದೇ. ಹಸಿರು ಬೆರೆತ ಬಿಳಿ ಎಳೆಗಳ ಹೂವಿಗೆ ಒಳ್ಳೆಯ ಪರಿಮಳವಿದೆ. ಬೇರುಗಳು ಹೆಚ್ಚು ಆಳಕ್ಕಿಳಿಯದೆ ಅಗಲಕ್ಕೆ ಹರಡುವುದರಿಂದ ಗೋಡೆ ಮತ್ತು ನೀರಿನ ಪೈಪಿನಿಂದ ಕನಿಷ್ಠ 20 ಅಡಿ ದೂರ ಬಿಟ್ಟು ಸಸಿ ನೆಡಬೇಕು. ಅಷ್ಟು ಜಾಗವಿಲ್ಲದ ನಿವೇಶನಕ್ಕೆ ಈ ಮರ ಬೇಡ.

ದ್ರಾಕ್ಷಿ ಬೆಳೆಗಾರರು ಚಾಟ್ನಿ ಎನ್ನುವ ಸವರುವ ಕೆಲಸಕ್ಕೆ ಫೆಬ್ರುವರಿ ಸರಿಯಾದ ತಿಂಗಳು. ಆಗ ಎಲೆ ಉದುರಿ, ಒಣಗಿದ ಚಪ್ಪಟೆ ಕಾಯಿಗಳು ಗಾಳಿಗೆ ಗಲಗಲ ಸದ್ದು ಮಾಡುತ್ತಿರುತ್ತವೆ. ಯಾವ ಕೊಂಬೆ ಯಾವುದಕ್ಕೆ ತಾಗುತ್ತಿದೆ ಎಂಬುದು ಕಣ್ಣಿಗೆ ನೇರ ಕಾಣುತ್ತದೆ. ಹೂ ಬರುವುದು ಬೇಸಿಗೆಯ ಹೊಸ ಚಿಗುರಿನಲ್ಲಾದ್ದರಿಂದ ಆಗ ಸವರಿದರೆ ಹೂವಿಗೆ ನಷ್ಟವಿಲ್ಲ. ಮಳೆಗಾಲದಲ್ಲಿ ಹಸಿ ಗಾಯಕ್ಕೆ ಶಿಲೀಂಧ್ರ ಬೇಗ ಹತ್ತುತ್ತದೆ. ಆಗ ಮುರಿದ ಕೊಂಬೆಯನ್ನಷ್ಟೇ ತೆಗೆಯಬೇಕು.

ಮರದ ರೂಪ ನಿರ್ಧಾರವಾಗುವುದು ಮೊದಲ ಮೂರು–ನಾಲ್ಕು ವರ್ಷಗಳಲ್ಲಿ, ಸಿಕೇಚರ್‌ನಿಂದ ಕತ್ತರಿಸಬಹುದಾದ ಸಣ್ಣ ಕೊಂಬೆಗಳಲ್ಲಿ. ಮೊದಲ ಎರಡು ವರ್ಷ ಒಂದೇ ಕಾಂಡವನ್ನು ನೇರಕ್ಕೆ ಬಿಡಬೇಕು. ತುದಿಯಲ್ಲಿ ಪೈಪೋಟಿಗೆ ನಿಂತ ಎರಡನೇ ಚಿಗುರನ್ನು ತೆಗೆದುಹಾಕಬೇಕು. ಕೆಳಗಿನ ಸಣ್ಣ ಟಿಸಿಲುಗಳನ್ನು ಒಮ್ಮೆಲೇ ಬೋಳಿಸಿದರೆ ಕಾಂಡ ಬಡಕಲಾಗಿ ಗಾಳಿಗೆ ಬಾಗುತ್ತದೆ. ಅವುಗಳ ತುದಿ ಮೊಟಕು ಮಾಡಿ, ಕಾಂಡ ದಪ್ಪವಾದಂತೆ ಒಂದೊಂದಾಗಿ ತೆಗೆಯುವುದು ಸರಿ. ಕಾಂಡ ಏಳೆಂಟು ಅಡಿ ದಾಟಿದ ಮೇಲೆ ನಾಲ್ಕೈದು ಮುಖ್ಯ ಕೊಂಬೆಗಳನ್ನು ಆರಿಸಿಕೊಳ್ಳಬೇಕು. ಅವು ಬೇರೆ ಬೇರೆ ದಿಕ್ಕಿಗಿರಬೇಕು, ಒಂದೇ ಮಟ್ಟದಲ್ಲಿ ಹುಟ್ಟದೆ ಸುಮಾರು ಒಂದಡಿ ಅಂತರದಲ್ಲಿರಬೇಕು. ಕಾಂಡಕ್ಕೆ ಇಕ್ಕಟ್ಟಾಗಿ ಅಂಟಿಕೊಂಡು ಮೇಲೇರುವ ಕವಲನ್ನು ಉಳಿಸಲೇಬಾರದು. ಅದರ ನಡುವೆ ತೊಗಟೆ ಸಿಕ್ಕಿಕೊಂಡು ಕೀಲು ಬಲಿಯುವುದಿಲ್ಲ. ಮುಂಗಾರಿನ ಮೊದಲ ಬಿರುಗಾಳಿಗೇ ಸೀಳುತ್ತದೆ.

ದೊಡ್ಡ ಕೊಂಬೆ ತೆಗೆಯಲೇಬೇಕಾದಾಗ ಕೊಡಲಿ ಬದಿಗಿಟ್ಟು ಗರಗಸ ಹಿಡಿಯಬೇಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸುಕ್ಕುಗಟ್ಟಿದ, ತುಸು ಉಬ್ಬಿದ ಉಂಗುರವೊಂದಿರುತ್ತದೆ. ಗಾಯವನ್ನು ಮಾಯಿಸುವ ಜೀವಕೋಶಗಳು ಇರುವುದು ಅಲ್ಲಿಯೇ. ಮೊದಲ ಕೊಯ್ತ ಆ ಉಂಗುರದಿಂದ ಒಂದಡಿ ಆಚೆ, ಕೊಂಬೆಯ ಅಡಿಭಾಗದಲ್ಲಿ, ಕಾಲುಭಾಗದಷ್ಟು ಆಳಕ್ಕೆ. ಎರಡನೆಯದು ಅದಕ್ಕಿಂತ ಎರಡಿಂಚು ಆಚೆ, ಮೇಲಿನಿಂದ. ಆಗ ಕೊಂಬೆ ತೊಗಟೆ ಸುಲಿಯದೆ ಬೀಳುತ್ತದೆ. ಉಳಿದ ಮೋಟನ್ನು ಉಂಗುರದ ಹೊರ ಅಂಚಿಗೆ ಸರಿಯಾಗಿ ಕೊಯ್ಯುವುದು ಮೂರನೆಯದು. ಕಾಂಡಕ್ಕೆ ಸಮವಾಗಿ ಕೆತ್ತಿದರೆ ಉಂಗುರವೇ ಹೋಗುತ್ತದೆ, ಮೋಟು ಬಿಟ್ಟರೆ ಅದು ಕೊಳೆತು ಒಳಗೆ ಪೊಟರೆಯಾಗುತ್ತದೆ. ಕೊಯ್ತ ಸರಿಯಿದ್ದರೆ ಮುಂದಿನ ಮಳೆಗಾಲದಲ್ಲಿ ಗಾಯದ ಸುತ್ತ ಹೊಸ ತೊಗಟೆಯ ದಪ್ಪ ಅಂಚು ಮೂಡುತ್ತದೆ.

ಪೇಂಟ್ ಅಥವಾ ಡಾಂಬರು ಬಳಿದರೆ ಗಾಯ ಬೇಗ ಮಾಯುವುದಿಲ್ಲ, ತೇವ ಒಳಗೇ ಉಳಿಯುತ್ತದೆ. ದೊಡ್ಡ ಗಾಯಕ್ಕೆ ದಾಳಿಂಬೆ ಬೆಳೆಗಾರರು ಹಚ್ಚುವ ಬೋರ್ಡೋ ಮುಲಾಮು ಸಾಕು: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ಬಾಗೆಯ ಗರಗಸದ ಪುಡಿ ಮೂಗಿಗೇರಿದರೆ ಸೀನು ಹತ್ತುವುದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಬೆಳೆದ ಮರದಲ್ಲಿ ಒಣಗಿದ, ರೋಗ ಬಿದ್ದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆದರೆ ಮುಗಿಯಿತು. ಒಂದು ವರ್ಷಕ್ಕೆ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ಸವರಬಾರದು. ತಲೆ ಕಡಿದು ಬೋಳು ಮಾಡುವ ರೂಢಿ ಈ ಮರಕ್ಕೆ ದ್ರೋಹ. ಕಡಿದಲ್ಲಿ ಗುಂಪಾಗಿ ಹುಟ್ಟುವ ಚಿಗುರುಗಳು ಮೇಲ್ಮೈಗಷ್ಟೇ ಅಂಟಿರುತ್ತವೆ. ದಪ್ಪವಾದ ಮೇಲೆ ಅವೇ ಮುರಿದು ಬೀಳುತ್ತವೆ. ಬುಡದಿಂದೇಳುವ ಚಿಗುರನ್ನು ಎಳೆಯದಾಗಿರುವಾಗಲೇ ಕೀಳಬೇಕು. ಸವರಿದ ಸೊಪ್ಪು ಆಡಿಗೆ ಒಳ್ಳೆಯ ಮೇವು.

ವಿದ್ಯುತ್ ತಂತಿಗೆ ತಾಗಿದ ಕೊಂಬೆಯನ್ನು ಮನೆಯವರು ಮುಟ್ಟಬಾರದು, ಹೆಸ್ಕಾಂಗೆ ತಿಳಿಸಬೇಕು. ಮರವನ್ನೇ ಕಡಿಯುವುದಾದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಬೀದಿಬದಿಯ ಮರಕ್ಕೆ ಗರಗಸ ಹಚ್ಚುವ ಮುನ್ನವೂ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು.